ಮಿಂಚು ಹಿಡಿಯುವವರ ಮೊದಲ ಪಾಠ ದೂರ

ಯುಗಾದಿ ಕಳೆದು ಹೊನ್ನಾರು ಹೂಡಿದ ಮೇಲೆ ನಂಜನಗೂಡು, ತಿ. ನರಸೀಪುರದ ರೈತರ ಕಣ್ಣು ಮೋಡದ ಮೇಲೇ ಇರುತ್ತದೆ. ಏಪ್ರಿಲ್ ನಡುವಿನ ಅಶ್ವಿನಿ ಮಳೆಯಿಂದ ಹಿಡಿದು ಭರಣಿ, ಕೃತ್ತಿಕೆ ದಾಟಿ ಜೂನ್ ಮೊದಲ ವಾರದಲ್ಲಿ ರೋಹಿಣಿ ಮುಗಿಯುವ ತನಕ ಇಲ್ಲಿ ಸುರಿಯುವುದು ಬಹುಪಾಲು ಗುಡುಗಿನ ಮಳೆ. ಬೆಳಗ್ಗೆಯೆಲ್ಲ ಸುಡುವ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ದಿಗಂತದಲ್ಲಿ ಗುಡ್ಡೆಗುಡ್ಡೆಯಾಗಿ ಏಳುವ ಮೋಡ, ಸಂಜೆಗೆ ಗಾಳಿ, ಮಿಂಚು, ಒಮ್ಮೊಮ್ಮೆ ಆಲಿಕಲ್ಲು. ಹತ್ತಿ, ಅಲಸಂದೆ, ಎಳ್ಳು, ಉದ್ದು ಬಿತ್ತಲು ಇದೇ ಹದ. ಹಾಗಾಗಿ ಆಕಾಶ ಅತ್ಯಂತ ಅಪಾಯಕಾರಿಯಾಗುವ ಹೊತ್ತಿಗೇ ಜನ ಬಯಲಲ್ಲಿರುತ್ತಾರೆ: ಹೊಲದಲ್ಲಿ ಬಿತ್ತುವವರು, ಕುರಿ ಹಿಂಡಿನ ಹಿಂದೆ ಇರುವವರು, ಕಪಿಲಾ ನದಿಯ ದಡದಲ್ಲಿ ಬಟ್ಟೆ ಒಗೆಯುವವರು, ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುವವರು. ಈಗ ಇವರ ಜೊತೆಗೆ ಇನ್ನೊಂದು ಬಳಗವೂ ಸೇರಿದೆ. ಒಳ್ಳೆಯ ಕ್ಯಾಮೆರಾ ಇರುವ ಮೊಬೈಲು ಎಲ್ಲರ ಜೇಬಿಗೂ ಬಂದ ಮೇಲೆ ಮಿಂಚಿನ ಚಿತ್ರ ಹಿಡಿಯುವ ಹವ್ಯಾಸ ಹಳ್ಳಿ ಪಟ್ಟಣಗಳನ್ನೆಲ್ಲ ಮುಟ್ಟಿದೆ. ಮೋಡ ಕವಿದೊಡನೆ ತಾರಸಿ ಹತ್ತುವವರು, ಬೆಟ್ಟದ ತುದಿಗೆ ಹೋಗುವವರು ಹೆಚ್ಚಾಗಿದ್ದಾರೆ.

ಈ ಹವ್ಯಾಸ ಬೇಡ ಎನ್ನುವುದು ಸುಲಭ, ಆದರೆ ಅದು ಸರಿಯಾದ ಸಲಹೆಯಲ್ಲ. ಸಿಡಿಲನ್ನು ಗಮನವಿಟ್ಟು ನೋಡುವುದಕ್ಕೂ ಸಿಡಿಲಿನಿಂದ ಬದುಕುಳಿಯುವುದಕ್ಕೂ ಬೇಕಾದ ವಿದ್ಯೆ ಒಂದೇ, ಅದು ದೂರವನ್ನು ಅಳೆಯುವ ವಿದ್ಯೆ ಎಂಬುದು ಈ ಲೇಖನದ ವಾದ. ಅತ್ಯುತ್ತಮ ಮಿಂಚಿನ ಚಿತ್ರ ದೂರದ ಬಿರುಮಳೆಯದ್ದು. ಯಾವ ಸಿಡಿಲು ಸೂಚಕ ಯಂತ್ರವಾದರೂ ಹೇಳುವ ಮುಖ್ಯ ಸಂಗತಿ ದೂರ. ಜೀವ ಉಳಿಸುವ ನಿಯಮವೂ ದೂರದ ನಿಯಮವೇ. ಈ ಮೂರನ್ನೂ ಸರಿಯಾಗಿ ಕಲಿತ ಹವ್ಯಾಸಿ ತನ್ನ ಪ್ರಾಣ ಕಾಪಾಡಿಕೊಳ್ಳುವುದಷ್ಟೇ ಅಲ್ಲ, ಸುತ್ತಲ ಹೊಲಗಳಲ್ಲಿ ಇರುವವರಿಗೂ ಹತ್ತು ನಿಮಿಷ ಮೊದಲೇ ಎಚ್ಚರ ಹೇಳಬಲ್ಲ. ನಮ್ಮ ಹಳ್ಳಿಗಳಿಗೆ ಕೊರತೆಯಾಗಿರುವುದು ಆ ಹತ್ತು ನಿಮಿಷವೇ.

ಮೊದಲು ಸಿಡಿಲು ಹೇಗೆ ಇಳಿಯುತ್ತದೆಂದು ನೋಡಬೇಕು, ಏಕೆಂದರೆ ಅರ್ಧದಷ್ಟು ತಪ್ಪು ನಂಬಿಕೆಗಳು ಇಲ್ಲಿಂದಲೇ ಹುಟ್ಟುತ್ತವೆ. ಗುಡುಗು ಮೋಡದೊಳಗೆ ಉಷ್ಣತೆ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿರುವ ಎತ್ತರದಲ್ಲಿ ಪುಟ್ಟ ಆಲಿಕಲ್ಲುಗಳೂ ಮಂಜಿನ ಹರಳುಗಳೂ ಒಂದಕ್ಕೊಂದು ಉಜ್ಜಿ ವಿದ್ಯುದಾವೇಶ ಬೇರೆಬೇರೆಯಾಗುತ್ತದೆ. ಹಗುರವಾದ ಹರಳುಗಳು ಧನಾವೇಶ ಹೊತ್ತು ಮೇಲೇರುತ್ತವೆ, ಭಾರದವು ಋಣಾವೇಶ ಹೊತ್ತು ನಡುಭಾಗದಲ್ಲಿ ಉಳಿಯುತ್ತವೆ. ಆವೇಶ ಮಿತಿ ಮೀರಿದಾಗ ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಮುನ್ನೆಳೆ ಸುಮಾರು ಐವತ್ತು ಐವತ್ತು ಮೀಟರಿನ ಹೆಜ್ಜೆಗಳಲ್ಲಿ ಕವಲೊಡೆಯುತ್ತ ಕೆಳಗಿಳಿಯುತ್ತದೆ. ಅದು ನೆಲಕ್ಕೆ ನೂರು ಮೀಟರಿನ ಆಸುಪಾಸಿಗೆ ಬಂದಾಗ ಕೆಳಗಿನ ಮರ, ಕಂಬ, ಮನುಷ್ಯ ಎಲ್ಲದರಿಂದಲೂ ಪ್ರತಿ ಎಳೆಗಳು ಮೇಲೇಳುತ್ತವೆ. ಅವುಗಳಲ್ಲಿ ಒಂದು ಮುನ್ನೆಳೆಯನ್ನು ಕೂಡಿದೊಡನೆ ಸುಮಾರು 30 ಸಾವಿರ ಆಂಪಿಯರ್ ಪ್ರವಾಹ ಹರಿದು, ಆ ದಾರಿಯ ಗಾಳಿ 30 ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಅದು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಆ ಗಾಳಿ ಒಮ್ಮೆಲೇ ಹಿಗ್ಗಿದಾಗ ಕೇಳುವುದೇ ಗುಡುಗು. ಇಲ್ಲಿ ಮುಖ್ಯವಾದ ಮಾತೆಂದರೆ, ಕೆಳಗೆ ಏನಿದೆ ಎಂಬುದು ಸಿಡಿಲಿಗೆ ಲೆಕ್ಕಕ್ಕೆ ಬರುವುದು ಕೊನೆಯ ನೂರು ಮೀಟರಿನಲ್ಲಿ ಮಾತ್ರ. ಅಲ್ಲಿಯ ತನಕ ಅದು ಎತ್ತ ತಿರುಗುತ್ತದೆಂದು ಯಾರೂ ಹೇಳಲಾರರು. ಆದ್ದರಿಂದ ಬಯಲಲ್ಲಿ ನಿಂತವನು ಸುತ್ತಲಿನ ಹತ್ತಾರು ಮೀಟರುಗಳಲ್ಲಿ ಎತ್ತರದವನಾಗಿದ್ದರೆ ಅಷ್ಟೇ ಸಾಕು, ಅವನು ಗುರಿಯಾಗಬಹುದು.

ಸಿಡಿಲು ನೇರವಾಗಿ ತಲೆಯ ಮೇಲೆ ಬಿದ್ದರೆ ಮಾತ್ರ ಸಾವು ಎಂದು ಹೆಚ್ಚಿನವರು ತಿಳಿದಿದ್ದಾರೆ. ಸಿಡಿಲಾಘಾತವನ್ನು ಅಧ್ಯಯನ ಮಾಡಿದ ವೈದ್ಯರ ಅಂದಾಜಿನಲ್ಲಿ ನೇರ ಹೊಡೆತದ ಪಾಲು ನೂರಕ್ಕೆ ಮೂರರಿಂದ ಐದು. ಅರ್ಧಕ್ಕೂ ಹೆಚ್ಚು ಮಂದಿಗೆ ಏಟು ಬರುವುದು ನೆಲದ ಮೂಲಕ. ಸಿಡಿಲು ಬಿದ್ದ ಜಾಗದಿಂದ ಪ್ರವಾಹ ಮಣ್ಣಿನಲ್ಲಿ ಹರಡುವಾಗ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವಿದ್ಯುದ್ವ್ಯತ್ಯಾಸ ಉಂಟಾಗಿ ಅದು ದೇಹದೊಳಗೆ ನುಗ್ಗುತ್ತದೆ. ಮೂರರಲ್ಲಿ ಒಂದು ಪಾಲು ಮರದಿಂದ, ಕಂಬದಿಂದ ಪಕ್ಕಕ್ಕೆ ಜಿಗಿಯುವ ಕಿಡಿಯಿಂದ. ಉಳಿದದ್ದು ತಂತಿ, ಬೇಲಿ ಮುಟ್ಟಿದ್ದರಿಂದ ಅಥವಾ ದೇಹದಿಂದಲೇ ಮೇಲೆದ್ದ ಪ್ರತಿ ಎಳೆಯಿಂದ. ದನ ಕುರಿಗಳು ಹೆಚ್ಚು ಸಾಯಲು ಕಾರಣವೂ ನೆಲದಲ್ಲಿ ಹರಡುವ ಈ ಪ್ರವಾಹವೇ. ಅವುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಪ್ರವಾಹದ ದಾರಿಯಲ್ಲೇ ಹೃದಯ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ಬಿರುಮಳೆಗೆ ಹೆದರಿ ಒತ್ತೊತ್ತಾಗಿ ನಿಂತಿದ್ದ 323 ಹಿಮಸಾರಂಗಗಳು ಹೀಗೆ ಒಟ್ಟಿಗೆ ಸತ್ತವು. ಮಳೆ ಬಂದೊಡನೆ ಕುರಿಗಳ ಜೊತೆಗೆ ಹುಣಸೆ ಮರದಡಿ ಗುಂಪುಗೂಡುವ ನಮ್ಮ ರೂಢಿ ಎಷ್ಟು ಅಪಾಯದ್ದೆಂದು ತಿಳಿಯಲು ಈ ಒಂದು ಘಟನೆ ಸಾಕು. ಊರಿನ ಅರಳಿಕಟ್ಟೆ ಸಂಜೆಯ ಹರಟೆಗೆ ಎಷ್ಟು ಹಿತವೋ ಗುಡುಗುವ ಹೊತ್ತಿಗೆ ಅಷ್ಟೇ ಕೆಟ್ಟ ಜಾಗ.

ಇದು ಅಪರೂಪದ ಸಾವೆಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಪ್ರಕೃತಿ ವಿಕೋಪಗಳಿಗೆ ದೇಶದಲ್ಲಿ ಬಲಿಯಾದವರು 8,060 ಮಂದಿ, ಅವರಲ್ಲಿ 2,887 ಮಂದಿಯನ್ನು ಕೊಂದದ್ದು ಸಿಡಿಲು. ಪ್ರವಾಹ, ಶಾಖದ ಅಲೆ, ಭೂಕುಸಿತಗಳಲ್ಲಿ ಯಾವುದೂ ಆ ವರ್ಷ ಇಷ್ಟು ಜೀವ ತೆಗೆಯಲಿಲ್ಲ. ಪ್ರವಾಹ ಒಂದೇ ದಿನ ನೂರು ಮಂದಿಯನ್ನು ಕೊಂದರೆ ಇಡೀ ದೇಶಕ್ಕೆ ಸುದ್ದಿ. ಸಿಡಿಲು ಒಂದೊಂದು ಹೊಲದಲ್ಲಿ ಒಬ್ಬೊಬ್ಬರನ್ನು ಕೊಲ್ಲುತ್ತದೆ, ಅದು ಜಿಲ್ಲಾ ಪುಟದ ಮೂಲೆಯಲ್ಲಿ ಬಂದು ಮರೆತುಹೋಗುತ್ತದೆ. ಇದು ಹಣೆಬರಹ, ತಪ್ಪಿಸಲಾಗದು ಎನ್ನುವವರಿಗೆ ಅಮೆರಿಕದ ಅನುಭವವೇ ಉತ್ತರ. 1940ರ ದಶಕದ ಆರಂಭದಲ್ಲಿ ಅಲ್ಲಿ ಸಿಡಿಲಿಗೆ ವರ್ಷಕ್ಕೆ ಮುನ್ನೂರು ನಾನ್ನೂರು ಮಂದಿ ಸಾಯುತ್ತಿದ್ದರು. ಜನಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾದ ಮೇಲೂ ಈಗ ಅದು ಇಪ್ಪತ್ತರ ಆಸುಪಾಸಿಗೆ ಇಳಿದಿದೆ. ಸಿಡಿಲು ಅಲ್ಲಿ ಕಡಿಮೆಯಾಗಲಿಲ್ಲ. ಹೊಲದಲ್ಲಿ ದುಡಿಯುವವರ ಸಂಖ್ಯೆ ಇಳಿಯಿತು, ಮನೆಗಳಿಗೆ ಭೂಸಂಪರ್ಕವಿರುವ ವಿದ್ಯುತ್ ಮತ್ತು ನೀರಿನ ಕೊಳವೆಗಳು ಬಂದವು, ಟ್ರ್ಯಾಕ್ಟರುಗಳಿಗೆ ಮುಚ್ಚಿದ ಕೋಣೆ ಬಂತು, ಗುಡುಗು ಕೇಳಿದೊಡನೆ ಒಳಗೆ ಹೋಗಬೇಕೆಂಬ ಮಾತು ಶಾಲೆಯ ಮಕ್ಕಳಿಗೂ ರೂಢಿಯಾಯಿತು.

ಒಳಗೆ ಹೋಗುವುದು ಯಾವಾಗ? ಇಲ್ಲಿಂದ ದೂರದ ಲೆಕ್ಕ ಶುರು. ಮಿಂಚಿನ ಬೆಳಕು ಕಣ್ಣಿಗೆ ತಕ್ಷಣ ಬರುತ್ತದೆ, ಗುಡುಗು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮಿಂಚು ಕಂಡಲ್ಲಿಂದ ಗುಡುಗು ಕೇಳುವ ತನಕ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವೆಂದು ಗೊತ್ತಾಗುತ್ತದೆ. ಮೂವತ್ತು ಸೆಕೆಂಡ್ ಎಂದರೆ ಹತ್ತು ಕಿಲೋಮೀಟರ್. ಅಷ್ಟರೊಳಗೆ ಬಂದಿದ್ದರೆ ಬಯಲಲ್ಲಿ ಇರಬಾರದು, ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷವಾಗುವ ತನಕ ಹೊರಬರಬಾರದು. ಹತ್ತು ಕಿಲೋಮೀಟರ್ ಇನ್ನೂ ದೂರವಲ್ಲವೇ ಎಂದು ಕೇಳಬಹುದು. ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ಚಲಿಸುವ ಬಿರುಮಳೆಗೆ ಅದು ಹದಿನೈದಿಪ್ಪತ್ತು ನಿಮಿಷದ ದಾರಿ. ಅದಕ್ಕಿಂತ ದೊಡ್ಡ ಮಾತೆಂದರೆ ಸಿಡಿಲು ಮಳೆಯನ್ನು ಕಾಯುವುದಿಲ್ಲ. ಮೋಡದ ಮೇಲ್ಭಾಗದಿಂದ ಹೊರಟ ಮಿಂಚು ಅಡ್ಡಲಾಗಿ ಸಾಗಿ, ನೆತ್ತಿಯ ಮೇಲೆ ನೀಲಿ ಆಕಾಶವಿರುವ ಜಾಗಕ್ಕೂ ಇಳಿಯಬಲ್ಲದು. ಮೋಡದೊಳಗಿನ ಮಿಂಚು ಎಷ್ಟು ಉದ್ದ ಹಬ್ಬುತ್ತದೆಂಬುದಕ್ಕೆ ವಿಶ್ವ ಹವಾಮಾನ ಸಂಸ್ಥೆ ದೃಢೀಕರಿಸಿದ ದಾಖಲೆಯೇ ಇದೆ: 2017ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನಿಂದ ಕಾನ್ಸಸ್ ಸಿಟಿಯ ಹತ್ತಿರದ ತನಕ 829 ಕಿಲೋಮೀಟರ್ ಹರಿದ ಒಂದೇ ಮಿಂಚು. ಗುಡುಗು ಸಾಮಾನ್ಯವಾಗಿ ಕೇಳುವುದು ಹದಿನೈದು ಕಿಲೋಮೀಟರಿನೊಳಗೆ. ಹಾಗಾದರೆ ಗುಡುಗು ಕಿವಿಗೆ ಬಿತ್ತೆಂದರೆ ನಾವು ಆಗಲೇ ಸಿಡಿಲಿನ ತೆಕ್ಕೆಯಲ್ಲಿದ್ದೇವೆಂದೇ ಅರ್ಥ. ಮೊದಲ ಹನಿ ಬೀಳಲಿ, ಆಮೇಲೆ ಹೊರಡೋಣ ಎನ್ನುವುದು ತಡ.

ಹವ್ಯಾಸಿಗಳು ತಮ್ಮ ಪರಂಪರೆಯ ಎರಡು ತುದಿಗಳನ್ನು ತಿಳಿದಿರುವುದು ಒಳ್ಳೆಯದು. 1753ರ ಆಗಸ್ಟ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನಿ ಗಿಯೋರ್ಗ್ ರಿಖ್‌ಮನ್ ಮನೆಯ ಚಾವಣಿಯಿಂದ ಒಳಕ್ಕೆ ತಂದಿದ್ದ ಕಬ್ಬಿಣದ ಸರಳಿನ ತುದಿಯಲ್ಲಿ ಮೋಡದ ವಿದ್ಯುತ್ತನ್ನು ಅಳೆಯಲು ಬಾಗಿದಾಗ ಸಿಡಿಲು ಹಾರಿ ಹಣೆಗೆ ಬಡಿದು ಸತ್ತರು. ನಡೆಯುವುದನ್ನು ಚಿತ್ರಿಸಲೆಂದು ಪಕ್ಕದಲ್ಲಿದ್ದ ಕೆತ್ತನೆಗಾರ ಸೊಕೊಲೊವ್ ಪ್ರಜ್ಞೆ ತಪ್ಪಿದರೂ ಬದುಕಿದರು. ಸರಳು ನೆಲಕ್ಕೆ ಸೇರಿರಲಿಲ್ಲ, ನೋಡುವವರು ಅದಕ್ಕೆ ತೀರ ಹತ್ತಿರವಿದ್ದರು. ಇನ್ನೊಂದು ತುದಿಯಲ್ಲಿ ಕ್ಯಾಮೆರಾ ಇದೆ. 1847ರಲ್ಲಿ ಸೇಂಟ್ ಲೂಯಿಯ ಥಾಮಸ್ ಈಸ್ಟರ್ಲಿ ಬೆಳ್ಳಿಯ ಫಲಕದ ಮೇಲೆ ಮಿಂಚನ್ನು ಮೂಡಿಸಿದರು. 1882ರಲ್ಲಿ ಫಿಲಡೆಲ್ಫಿಯದ ವಿಲಿಯಂ ಜೆನ್ನಿಂಗ್ಸ್ ತೆಗೆದ ಛಾಯಾಚಿತ್ರ, ಮಿಂಚೆಂದರೆ ಚೂಪು ಕೋನಗಳ ಅಂಕುಡೊಂಕು ಗೆರೆ ಎಂದು ಕಲಾವಿದರು ಬರೆಯುತ್ತ ಬಂದದ್ದು ಸುಳ್ಳೆಂದು ತೋರಿಸಿತು. ನಿಜವಾದ ಮಿಂಚು ನದಿಯ ಕವಲುಗಳ ಹಾಗೆ ಬಳುಕುತ್ತ ಹರಡಿತ್ತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಬೇಸಿಲ್ ಶೋನ್‌ಲ್ಯಾಂಡ್ ಮತ್ತು ಸಂಗಡಿಗರು, ಚಾರ್ಲ್ಸ್ ಬಾಯ್ಸ್ ರೂಪಿಸಿದ ತಿರುಗುವ ಮಸೂರದ ಕ್ಯಾಮೆರಾದಿಂದ, ಸಿಡಿಲು ಹೆಜ್ಜೆಹೆಜ್ಜೆಯಾಗಿ ಇಳಿಯುವುದನ್ನೂ ಒಂದೇ ಮಿಂಚಿನಲ್ಲಿ ಹಲವು ಹೊಡೆತಗಳಿರುವುದನ್ನೂ ವಿವರವಾಗಿ ದಾಖಲಿಸಿದರು. ಸಿಡಿಲಿನ ವಿಜ್ಞಾನದ ದೊಡ್ಡ ಪಾಲು ದೂರದಲ್ಲಿ ನಿಂತ ಕ್ಯಾಮೆರಾ ಕೊಟ್ಟದ್ದು.

ಹತ್ತಿರದ ಸಿಡಿಲಿನ ರೋಮಾಂಚ ದೂರದ್ದಕ್ಕೆ ಇಲ್ಲ, ಒಳ್ಳೆಯ ಚಿತ್ರ ಬೇಕಾದರೆ ಅಪಾಯಕ್ಕೆ ಒಡ್ಡಿಕೊಳ್ಳಲೇಬೇಕು ಎಂದು ಕೆಲವು ಛಾಯಾಗ್ರಾಹಕರು ವಾದಿಸುತ್ತಾರೆ. ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. ಮೋಡದ ತಳ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರವಿದ್ದರೆ, ಒಂದು ಕಿಲೋಮೀಟರ್ ದೂರದ ಸಿಡಿಲು ಕಣ್ಣೆದುರಿನ ಆಕಾಶದಲ್ಲಿ ಐವತ್ತು ಡಿಗ್ರಿಗೂ ಮೇಲೆ ಚಾಚಿರುತ್ತದೆ. ಸಾಧಾರಣ ಮಸೂರಕ್ಕೆ ಅದು ಒಗ್ಗದು, ಮಳೆಯ ಪರದೆ ಅದನ್ನು ಮಬ್ಬಾಗಿಸುತ್ತದೆ, ಬೆಳಕು ಅತಿಯಾಗಿ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದೇ ಸಿಡಿಲು ಹತ್ತು ಕಿಲೋಮೀಟರ್ ಆಚೆ ಇದ್ದರೆ ಒಂಬತ್ತು ಡಿಗ್ರಿಯೊಳಗೆ ಮೋಡದಿಂದ ನೆಲದ ತನಕ ಪೂರ್ತಿ ಕಾಣುತ್ತದೆ, 50 ಮಿ.ಮೀ. ಮಸೂರದಲ್ಲಿ ಕೆಳಗಿನ ತೋಟ, ಊರು, ದೀಪಗಳ ಸಮೇತ ಕೂರುತ್ತದೆ. ನಲವತ್ತು ಕಿಲೋಮೀಟರ್ ದೂರದ ಬಿರುಮಳೆಯಾದರೆ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರದ ಮೋಡವೇ ಬುಡದಿಂದ ತುದಿಯ ತನಕ ಒಳಗಿನಿಂದ ಬೆಳಗುವುದನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ಇದಕ್ಕೆ ನಂಜನಗೂಡು ತಿ. ನರಸೀಪುರದ ಬಯಲಿಗಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ಉತ್ತರಕ್ಕೆ ಚಾಮುಂಡಿ ಬೆಟ್ಟ, ದಕ್ಷಿಣಕ್ಕೆ ಮೂವತ್ತೈದು ಕಿಲೋಮೀಟರ್ ಆಚೆ ಗುಂಡ್ಲುಪೇಟೆ, ಅದರಾಚೆ ಬಂಡೀಪುರದ ಕಾಡು, ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟಗಳ ಮೇಲೆ ಎದ್ದ ಮೋಡವನ್ನು ಬಯಲಿನಿಂದ ನೋಡುವುದೇ ಇಲ್ಲಿಯ ಭಾಗ್ಯ. ಬಿರುಮಳೆ ಮೇಲೆಯೇ ಬರುವಾಗ ಬೆಟ್ಟ ಹತ್ತುವುದು ಆ ಭಾಗ್ಯವನ್ನು ಕೈಬಿಟ್ಟ ಹಾಗೆ.

ತಂತ್ರದ ವಿಷಯದಲ್ಲೂ ದೂರದ ಲೆಕ್ಕವೇ ಕೈ ಹಿಡಿಯುತ್ತದೆ. ಮಿಂಚಿನ ಒಂದೊಂದು ಹೊಡೆತ ಕ್ಷಣದ ತೀರ ಸಣ್ಣ ಪಾಲು, ಮೂರು ನಾಲ್ಕು ಹೊಡೆತ ಸೇರಿದ ಇಡೀ ಮಿಂಚು ಅರ್ಧ ಸೆಕೆಂಡಿನೊಳಗೆ ಮುಗಿಯುವುದೇ ಹೆಚ್ಚು. ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಗುತ್ತದೆ. ಆದ್ದರಿಂದ ರಾತ್ರಿಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ದೂರದ ದೀಪವೊಂದಕ್ಕೆ ಕೈಯಿಂದ ಫೋಕಸ್ ಮಾಡಿ, ಐಎಸ್ಒ 100 ಅಥವಾ 200ಕ್ಕೆ ನಿಲ್ಲಿಸಿ, ಶಟರನ್ನು ಹತ್ತರಿಂದ ಮೂವತ್ತು ಸೆಕೆಂಡ್ ತೆರೆದಿಡಬೇಕು. ಒಂದರ ಹಿಂದೊಂದು ಚಿತ್ರ ತಾನೇ ತೆಗೆಯುವಂತೆ ಹೊಂದಿಸಿದರೆ ಮಿಂಚು ತಾನಾಗಿ ಬಂದು ಬೀಳುತ್ತದೆ. ಶಟರ್ ತೆರೆದಿರುವ ಕಾಲ ಸುತ್ತಲಿನ ಬೆಳಕನ್ನು ನಿರ್ಧರಿಸುತ್ತದೆ, ಮಿಂಚಿನ ಹೊಳಪನ್ನು ನಿರ್ಧರಿಸುವುದು ಮಸೂರದ ರಂಧ್ರ. ಹತ್ತು ಕಿಲೋಮೀಟರ್ ಆಸುಪಾಸಿನ ಮಿಂಚಿಗೆ ಎಫ್ 8, ಇನ್ನೂ ದೂರದ್ದಕ್ಕೆ ಎಫ್ 5.6 ಅಥವಾ ಎಫ್ 4ರಿಂದ ಶುರು ಮಾಡಿ ಸರಿಪಡಿಸಿಕೊಳ್ಳಬಹುದು. ದೂರ ಗೊತ್ತಿಲ್ಲದವನಿಗೆ ರಂಧ್ರವೂ ಗೊತ್ತಾಗುವುದಿಲ್ಲ. ಹಗಲಲ್ಲಿ ಬೆಳಕು ತಗ್ಗಿಸುವ ಕಪ್ಪು ಗಾಜು ಹಾಕಿ ಶಟರನ್ನು ಸೆಕೆಂಡಿನ ನಾಲ್ಕನೇ ಒಂದು ಭಾಗಕ್ಕೆ ಇಳಿಸಬಹುದು, ಅಥವಾ ಮೊದಲ ಬೆಳಕಿಗೇ ಕ್ಯಾಮೆರಾವನ್ನು ಚಾಲೂ ಮಾಡುವ ಟ್ರಿಗರ್ ಬಳಸಬಹುದು. ಮೊಬೈಲಿನವರು ವಿಡಿಯೊ ತೆಗೆದು ಅದರಿಂದ ಚಿತ್ರ ಆರಿಸಿಕೊಳ್ಳುವುದು ಸುಲಭ. ಅದೇ ವಿಡಿಯೊದಲ್ಲಿ ಬೆಳಕು ಮತ್ತು ಸದ್ದಿನ ನಡುವಿನ ಅಂತರ ಅಳೆದರೆ ದೂರದ ಲೆಕ್ಕವೂ ಸಿಗುತ್ತದೆ.

ಇವೆಲ್ಲ ಮನೆಯೊಳಗಿನಿಂದಲೇ ಸಾಧ್ಯ. ಗೋಡೆ, ಚಾವಣಿ, ಭೂಸಂಪರ್ಕದ ವಿದ್ಯುತ್ ಜಾಲ ಇರುವ ಕಟ್ಟಡದ ಕಿಟಕಿ ಅತ್ಯುತ್ತಮ ಜಾಗ. ಗಾಜು ಮುಚ್ಚಿ, ಕಬ್ಬಿಣದ ಸರಳಿಗೆ ಮುಕ್ಕಾಲಿಯಾಗಲಿ ಕೈಯಾಗಲಿ ತಾಗದಂತೆ ಒಂದೆರಡು ಹೆಜ್ಜೆ ಹಿಂದಿಡಬೇಕು, ಕ್ಯಾಮೆರಾ ಬ್ಯಾಟರಿಯಲ್ಲೇ ಓಡಲಿ. ಚಾರ್ಜರಿಗೆ, ಗೋಡೆಯ ಪ್ಲಗ್ಗಿನಲ್ಲಿರುವ ಲ್ಯಾಪ್‌ಟಾಪಿಗೆ ತಂತಿಯಲ್ಲಿ ಜೋಡಿಸಬಾರದು. ಆ ಹೊತ್ತಿಗೆ ನಲ್ಲಿ ಮುಟ್ಟುವುದು, ಸ್ನಾನ ಮಾಡುವುದು, ಟಿವಿಯ ಕೇಬಲ್ ಕೀಳುವುದೂ ಬೇಡ, ಕೀಳುವುದಾದರೆ ಮೋಡ ದೂರವಿರುವಾಗಲೇ ಕೀಳಬೇಕು. ಲೋಹದ ಚಾವಣಿಯ ಕಾರು, ಬಸ್ಸು ಕೂಡ ಸುರಕ್ಷಿತ. ಅದಕ್ಕೆ ಕಾರಣ ರಬ್ಬರಿನ ಚಕ್ರವಲ್ಲ, ಪ್ರವಾಹವನ್ನು ಹೊರಮೈಯಲ್ಲೇ ಸಾಗಿಸುವ ಲೋಹದ ಕವಚ. ಬೈಕು, ಆಟೊ, ತೆರೆದ ಟ್ರ್ಯಾಕ್ಟರುಗಳಿಗೆ ಆ ಕವಚವಿಲ್ಲ. ಗೋಡೆಯಿಲ್ಲದ ತಗಡಿನ ಬಸ್ ತಂಗುದಾಣ, ಕಲ್ಲಿನ ತೆರೆದ ಮಂಟಪ ಮಳೆಯಿಂದಲಾದರೂ ಕಾಪಾಡಬಹುದು, ಸಿಡಿಲಿನಿಂದ ಕಾಪಾಡವು; ನೀರಿನ ಟ್ಯಾಂಕಿನ ಪಕ್ಕದ ತಾರಸಿಯೂ ಕಾಪಾಡದು. ತಲಕಾಡಿನ ಮರಳ ದಿಬ್ಬ, ಮುಡುಕುತೊರೆಯ ಬೆಟ್ಟ, ಕಾವೇರಿ ಕಪಿಲೆಯರು ಕೂಡುವ ತಿ. ನರಸೀಪುರದ ಸಂಗಮ, ಅಲ್ಲಿಯ ತೆಪ್ಪಗಳು ಎಲ್ಲವೂ ಸುಂದರ ತಾಣಗಳೇ. ಗುಡುಗು ಕೇಳಿದ ಮೇಲೆ ಅಲ್ಲಿರಬಾರದು.

ಗುಡುಗಿಗೂ ಮೊದಲೇ ತಿಳಿಯುವ ದಾರಿ ಇಲ್ಲವೇ? ಇದೆ, ಅದೂ ಹಳೆಯದೇ. ಪ್ರತಿ ಮಿಂಚೂ ಬೆಳಕಿನ ಜೊತೆಗೆ ರೇಡಿಯೊ ಅಲೆಯನ್ನು ಚೆಲ್ಲುತ್ತದೆ. 1895ರಲ್ಲಿ ರಷ್ಯದ ಅಲೆಕ್ಸಾಂಡರ್ ಪೊಪೊವ್ ಪ್ರದರ್ಶಿಸಿದ ರೇಡಿಯೊ ಗ್ರಾಹಕ ದೂರದ ಸಿಡಿಲನ್ನು ಗುರುತಿಸುತ್ತಿತ್ತು. ಇವತ್ತಿಗೂ ಮೀಡಿಯಂ ವೇವ್ ರೇಡಿಯೊವನ್ನು ಯಾವ ನಿಲಯವೂ ಇಲ್ಲದ ಕಡೆ ತಿರುಗಿಸಿಟ್ಟರೆ ಮಿಂಚಿದಾಗಲೆಲ್ಲ ಚರಚರ ಎನ್ನುತ್ತದೆ, ಆ ಸದ್ದು ದಟ್ಟವಾಗುತ್ತ ಬಂದರೆ ಬಿರುಮಳೆ ಹತ್ತಿರವಾಗುತ್ತಿದೆ. ಎಲೆಕ್ಟ್ರಾನಿಕ್ಸ್ ಬಲ್ಲ ಹವ್ಯಾಸಿಗಳು ಎಎಸ್ 3935 ಎಂಬ ಪುಟ್ಟ ಚಿಪ್ಪನ್ನು ಬಳಸುತ್ತಾರೆ. ಅದು 500 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಆಲಿಸಿ ನಲವತ್ತು ಕಿಲೋಮೀಟರ್ ತನಕದ ಬಿರುಮಳೆಯ ದೂರವನ್ನು ಹಂತಹಂತವಾಗಿ ಅಂದಾಜಿಸುತ್ತದೆ. ಮೋಟರು, ವೆಲ್ಡಿಂಗ್ ಯಂತ್ರಗಳ ಕಿಡಿಯೂ ಅದಕ್ಕೆ ಸಿಡಿಲೆನಿಸಬಹುದು, ಆದ್ದರಿಂದ ತಾಂಡ್ಯದಂಥ ಕಾರ್ಖಾನೆಗಳ ನಡುವೆ ಅದನ್ನು ಜಾಗ ನೋಡಿ ಇಡಬೇಕು. ಒಂಟಿ ಯಂತ್ರದ ಅಂದಾಜಿಗಿಂತ ನಿಖರವಾದದ್ದು ಜಾಲ. ರೇಡಿಯೊ ಅಲೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ ಮುನ್ನೂರು ಮೀಟರ್ ಸಾಗುತ್ತದೆ. ಬೇರೆ ಬೇರೆ ಊರುಗಳ ಗ್ರಾಹಕಗಳಿಗೆ ಅದು ತಲುಪಿದ ಹೊತ್ತಿನ ಅಂತರ ಹೋಲಿಸಿದರೆ ಸಿಡಿಲು ಬಿದ್ದ ಜಾಗವೇ ಗೊತ್ತಾಗುತ್ತದೆ. ಜರ್ಮನಿಯಲ್ಲಿ ಶುರುವಾದ ಬ್ಲಿಟ್ಸ್‌ಓರ್ಟುಂಗ್ ಹವ್ಯಾಸಿಗಳೇ ಮನೆಮನೆಯಲ್ಲಿ ಗ್ರಾಹಕ ಇಟ್ಟು ಹಲವು ದೇಶಗಳಿಗೆ ಹಬ್ಬಿಸಿದ ಇಂಥ ಜಾಲ.

ನಮ್ಮಲ್ಲಿ ಈ ಕೆಲಸ ಸರ್ಕಾರದ ಮಟ್ಟದಲ್ಲೇ ನಡೆದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡೂ ಇಂಥ ಜಾಲಗಳ ಮಾಹಿತಿಯಿಂದ ಎಚ್ಚರಿಕೆ ಕೊಡುತ್ತವೆ. ನೆಲಕ್ಕೆ ಸಿಡಿಲು ಬೀಳುವ ಮೊದಲೇ ಮೋಡದೊಳಗೆ ಮಿಂಚು ಹೆಚ್ಚಾಗುವುದರಿಂದ ಮುನ್ಸೂಚನೆ ಸಾಧ್ಯ. ಆದರೂ ಎಚ್ಚರಿಕೆ ಬಂತು, ಸಿಡಿಲು ಬೀಳಲಿಲ್ಲ, ಇನ್ನು ನಂಬುವುದೇಕೆ ಎಂಬ ದೂರು ಕೇಳಬರುತ್ತದೆ. ದೂರಿನಲ್ಲಿ ಹುರುಳಿದೆ, ಅದಕ್ಕೆ ಉತ್ತರವೂ ಇದೆ. ಇಪ್ಪತ್ತು ಕಿಲೋಮೀಟರ್ ತ್ರಿಜ್ಯದ ಎಚ್ಚರಿಕೆ ಎಂದರೆ ಸಾವಿರದ ಇನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ, ಒಂದು ತಾಲ್ಲೂಕಿನಷ್ಟು ವಿಸ್ತಾರ. ಅಷ್ಟು ಜಾಗದಲ್ಲಿ ಒಂದು ನಿರ್ದಿಷ್ಟ ಹೊಲಕ್ಕೆ ಸಿಡಿಲು ಬೀಳದಿರುವುದೇ ಸಹಜ. ಆ್ಯಪ್ ಹೇಳುವುದು ಸಜ್ಜಾಗು ಎಂದಷ್ಟೇ. ಈಗ ಹೊರಡು ಎಂದು ಹೇಳಬೇಕಾದದ್ದು ಸ್ಥಳದಲ್ಲಿರುವ ಕಣ್ಣು ಕಿವಿ. ಜಾಲದ ಎಚ್ಚರಿಕೆಗೂ ಹೊಲದ ನಿರ್ಧಾರಕ್ಕೂ ನಡುವಿನ ಈ ಅಂತರ ತುಂಬಬಲ್ಲವನು ಮಿಂಚನ್ನು ಎಣಿಸಲು ಬಲ್ಲ ಹವ್ಯಾಸಿ.

ಜನರ ಕೆಲವು ನಂಬಿಕೆಗಳಿಗೂ ನೇರ ಉತ್ತರ ಬೇಕು. ಮೊಬೈಲು ಸಿಡಿಲನ್ನು ಸೆಳೆಯುವುದಿಲ್ಲ. ಕೊನೆಯ ನೂರು ಮೀಟರಿನಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಎತ್ತರ. ಮೊಬೈಲಿಗೆ ಹೆದರಿ ಅದನ್ನು ಆರಿಸಿ ಮರದಡಿ ನಿಲ್ಲುವವನು ಎಚ್ಚರಿಕೆಯನ್ನೂ ಕಳೆದುಕೊಂಡು ಅಪಾಯಕ್ಕೂ ಸಿಕ್ಕುತ್ತಾನೆ. ಬಯಲಲ್ಲಿ ಕುಕ್ಕುರುಗಾಲಲ್ಲಿ ಕುಳಿತರೆ ಸಾಕೆಂಬ ಸಲಹೆಯನ್ನು ಅಮೆರಿಕದ ಹವಾಮಾನ ಇಲಾಖೆ 2008ರಲ್ಲೇ ಕೈಬಿಟ್ಟಿತು, ಏಕೆಂದರೆ ಅದು ಸುಳ್ಳು ಧೈರ್ಯ ಕೊಡುತ್ತದೆ. ಓಡಿ ಕಟ್ಟಡ ಸೇರುವುದೇ ಮೇಲು. ನೆಲಕ್ಕೆ ಮಲಗುವುದಂತೂ ಕೂಡದು. ದೇವಸ್ಥಾನದ ಕಲಶ ಊರನ್ನು ಕಾಯುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ನಂಜನಗೂಡಿನ ನಂಜುಂಡೇಶ್ವರನ ರಾಜಗೋಪುರ ಸುಮಾರು 120 ಅಡಿ ಎತ್ತರದ್ದು, ಅಷ್ಟು ಎತ್ತರದ ಕಟ್ಟಡಕ್ಕೆ ಸಿಡಿಲು ಬೀಳುವುದು ಸಹಜ. ಆದರೆ ಲೋಹದ ತುದಿ ರಕ್ಷೆಯಾಗುವುದು ಅದರಿಂದ ದಪ್ಪ ವಾಹಕ ಕೆಳಗಿಳಿದು ನೆಲದಾಳಕ್ಕೆ ಸರಿಯಾಗಿ ಸೇರಿದ್ದರೆ ಮಾತ್ರ, ಆಗಲೂ ಅದು ಕಾಯುವುದು ಆ ಕಟ್ಟಡವನ್ನೇ, ದೂರದ ಹೊಲದಲ್ಲಿ ಇರುವವರನ್ನಲ್ಲ. ನೆಲಕ್ಕೆ ಸೇರದ ಸರಳು ಏನು ಮಾಡುತ್ತದೆಂಬುದಕ್ಕೆ ರಿಖ್‌ಮನ್ನರ ಸಾವೇ ಸಾಕ್ಷಿ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಹೊಲದಿಂದ ಬರುತ್ತದೆ. ಒಳಗೆ ಹೋಗಿ ಎನ್ನುವವರು ಒಳಗು ಎಲ್ಲಿದೆ ಎಂದು ತೋರಿಸುವುದಿಲ್ಲ. ಊರಿಂದ ಎರಡು ಕಿಲೋಮೀಟರ್ ದೂರದ ಜಮೀನಿನಲ್ಲಿ ಇರುವುದು ತೆಂಗಿನ ಮರ ಮತ್ತು ತಗಡಿನ ಪಂಪ್‌ಸೆಟ್ ಮನೆ. ದಿನಗೂಲಿಯವಳು ಅರ್ಧಕ್ಕೆ ಹೊರಟರೆ ಅರ್ಧ ಕೂಲಿ. ಹಿಂಡನ್ನು ಬಿಟ್ಟು ಕುರುಬ ಎಲ್ಲಿಗೆ ಹೋದಾನು? ಈ ಮಾತು ಪೂರ್ತಿ ನಿಜ, ಇದಕ್ಕೆ ಆ್ಯಪ್ ಉತ್ತರವಲ್ಲ. ಬಯಲಲ್ಲಿ ಭೂಸಂಪರ್ಕದ ಗಟ್ಟಿ ಆಸರೆಗಳು ಬೇಕು, ಗುಡುಗಿನ ಹೊತ್ತಿನ ಬಿಡುವಿಗೆ ಕೂಲಿ ಕಡಿಯಬಾರದೆಂಬ ಒಪ್ಪಂದ ಊರಿನಲ್ಲೇ ಆಗಬೇಕು. ಇದು ಪಂಚಾಯಿತಿಯ, ಜಮೀನ್ದಾರರ, ಸರ್ಕಾರದ ಹೊಣೆ. ಆದರೆ ಆಸರೆ ದೂರವಿದ್ದಷ್ಟೂ ಎಚ್ಚರಿಕೆ ಬೇಗ ಬೇಕಾಗುತ್ತದೆ. ಎರಡು ಕಿಲೋಮೀಟರ್ ನಡೆಯಲು ಅರ್ಧ ಗಂಟೆ ಬೇಕಾದವರಿಗೆ ಗುಡುಗು ಕೇಳಿದ ಮೇಲಿನ ಎಚ್ಚರ ಸಾಲದು. ಮೋಡ ಇನ್ನೂ ಮೂವತ್ತು ಕಿಲೋಮೀಟರ್ ಆಚೆ ಇರುವಾಗಲೇ ಅವರಿಗೆ ಸುದ್ದಿ ಮುಟ್ಟಬೇಕು. ಆಸರೆಯ ಕೊರತೆ ಮುನ್ಸೂಚನೆಯ ಬೆಲೆಯನ್ನು ಹೆಚ್ಚಿಸುತ್ತದೆ.

ಏಟು ಬಿದ್ದ ಮೇಲೂ ಎಲ್ಲ ಮುಗಿಯುವುದಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಸಾವಿಗೆ ಮುಖ್ಯ ಕಾರಣ ಹೃದಯ ನಿಲ್ಲುವುದು. ಹೃದಯ ತಾನಾಗಿ ಮತ್ತೆ ಬಡಿಯಲು ಶುರುವಾದರೂ ಉಸಿರಾಟ ತಡವಾಗಿ ಮರಳಬಹುದು, ಆ ನಡುವೆ ಉಸಿರು ಕೊಡುವವರಿಲ್ಲದೆ ಸಾಯುವವರಿದ್ದಾರೆ. ಹಲವರು ಬಿದ್ದಿದ್ದರೆ ನರಳುತ್ತಿರುವವರು ಸಾಮಾನ್ಯವಾಗಿ ಬದುಕುತ್ತಾರೆ, ಸತ್ತಂತೆ ಬಿದ್ದವರಿಗೇ ಮೊದಲು ಎದೆ ಒತ್ತಿ ಉಸಿರು ಕೊಡಬೇಕು. ಬೇರೆ ಅಪಘಾತಗಳಲ್ಲಿ ವೈದ್ಯರು ಅನುಸರಿಸುವ ಕ್ರಮಕ್ಕೆ ಇದು ತಿರುಗುಮುರುಗು. 108ಕ್ಕೆ ಕರೆ ಮಾಡಿ, ಸಾಧ್ಯವಾದರೆ ಸುರಕ್ಷಿತ ಜಾಗಕ್ಕೆ ಸಾಗಿಸಿ, ಆಂಬುಲೆನ್ಸ್ ಬರುವ ತನಕ ಎದೆ ಒತ್ತುವುದನ್ನು ನಿಲ್ಲಿಸಬಾರದು.

ಹೀಗೆ ನೋಡಿದಾಗ ತಾಂಡ್ಯದ ಸುತ್ತಮುತ್ತ ಆಗಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ ಒಂದು ಸಿಡಿಲು ಸೂಚಕ, ಮಿಂಚು ಮತ್ತು ಗುಡುಗಿನ ನಡುವಿನ ಸೆಕೆಂಡುಗಳನ್ನು ಬರೆದಿಡುವ ಮಕ್ಕಳ ಒಂದು ಪುಸ್ತಕ, ಕಿಟಕಿಯಿಂದ ತೆಗೆದ ಚಿತ್ರಗಳಿಗೆ ಹೊತ್ತು, ದಿಕ್ಕು, ದೂರ ನಮೂದಿಸುವ ಹವ್ಯಾಸಿಗಳ ಬಳಗ. ಇವರ ಕೈಯಲ್ಲಿ ಊರಿನ ಎಚ್ಚರಿಕೆ ಇರಲಿ. ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಗೆ, ತುರ್ತಿಗೆ ಕೂಗುವ ಸೈರನ್ನುಗಳಿರುತ್ತವೆ, ಅವುಗಳ ಸದ್ದು ಸುತ್ತಲಿನ ಹೊಲಗಳಿಗೂ ಕೇಳುತ್ತದೆ. ಜಾಲದ ಎಚ್ಚರಿಕೆ ಬಂದು, ಸ್ಥಳದ ಹವ್ಯಾಸಿಗಳೂ ಬಿರುಮಳೆ ಇತ್ತಲೇ ಬರುತ್ತಿದೆ ಎಂದು ಖಚಿತಪಡಿಸಿದಾಗ, ಬೇರೆ ಯಾವುದಕ್ಕೂ ಬಳಸದ ಒಂದು ಲಯದಲ್ಲಿ ಸೈರನ್ ಕೂಗಿದರೆ ಮೊಬೈಲಿಲ್ಲದ ಕೂಲಿಯವರಿಗೂ ಕುರಿಗಾಹಿಗೂ ಸುದ್ದಿ ಮುಟ್ಟುತ್ತದೆ. ಪದೇ ಪದೇ ಕೂಗಿದರೆ ಜನ ಅಸಡ್ಡೆ ಮಾಡುತ್ತಾರೆಂಬ ಭಯ ಸರಿ. ಅದಕ್ಕೇ ಆ ನಿರ್ಧಾರ ಇಡೀ ತಾಲ್ಲೂಕಿಗೆ ಸಾರುವ ಆ್ಯಪ್ಪಿನದ್ದಾಗದೆ, ದೂರ ಅಳೆಯಬಲ್ಲ ಊರಿನವರದ್ದೇ ಆಗಿರಬೇಕು. ಪಂಚಾಯಿತಿ, ಶಾಲೆ, ಕಾರ್ಖಾನೆ ಮೂವರೂ ಒಂದೇ ಮೇಜಿನ ಸುತ್ತ ಕುಳಿತರೆ ಮುಂದಿನ ಅಶ್ವಿನಿ ಮಳೆಗೆ ಮೊದಲೇ ಇದು ಜಾರಿಗೆ ಬರಬಹುದು. ಮಿಂಚನ್ನು ಪ್ರೀತಿಸುವವರು ಅದನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಮೊದಲು ಕಂಡವರು ಮೊದಲು ಹೇಳುವುದೇ ಈ ಹವ್ಯಾಸ ತನ್ನ ಊರಿಗೆ ಸಲ್ಲಿಸಬೇಕಾದ ಋಣ.